ಒಂದೇ ಒಂದು ಪ್ರಶ್ನೆ

ಬೆಳಿಗ್ಗೆ ಹೆಂಡತಿ ತುಟಿಗೆ ಬಣ್ಣ ಹಚ್ಚಿಕೊಂಡು, "ಸಂಜೆ ಬರೋದು ತಡ ಆಗತ್ತೆ" ಎಂದಳು. ಬಹಳ ಸಾಧಾರಣ ಮಾತು. ಆದರೆ ಎಕ್ಸ್‌ರೇಯ ಬಾಯಲ್ಲಿದ್ದ ಬ್ರೆಡ್ಡು ಗಂಟಲಿಗೆ ಇಳಿಯದೆ ಅಲ್ಲೇ ನಿಂತಿತು.

ಎಕ್ಸ್‌ರೇ ಎನ್ನುವುದು ನೆರೆಹೊರೆಯವರು ಅವನಿಗೆ ಇಟ್ಟ ಹೆಸರು. ಸಣ್ಣ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ಅವನ ಕೆಲಸ ನಿಜ, ಆದರೆ ಹೆಸರು ಬಂದದ್ದು ಅದರಿಂದಲ್ಲ. ಹೆಂಡತಿ ಹೊರಗಿನಿಂದ ಬಂದರೆ ಸಾಕು, ಎಲ್ಲಿಗೆ ಹೋಗಿದ್ದೆ, ಯಾರಿದ್ದರು, ಯಾಕೆ ನಕ್ಕೆ ಎಂದು ಮೂಳೆ ಕಾಣುವವರೆಗೂ ಕೇಳುತ್ತಿದ್ದ. ಆಮೇಲೆ ಅವಳಿಗೆ ಸಿಟ್ಟು. ಆ ಸಿಟ್ಟಿಗೆ ಅಡುಗೆಮನೆಯ ಪಾತ್ರೆಗಳಿಗೆಲ್ಲ ರೆಕ್ಕೆ ಬರುತ್ತಿದ್ದವು. ಕಳೆದ ವಾರ ಅವಳು ಸೂಟ್‌ಕೇಸ್ ತುಂಬಿ ಬಾಗಿಲ ಬಳಿ ಇಟ್ಟಿದ್ದಳು.

"ಇನ್ನೊಂದ್ಸಲ ಹೀಗೆ ವಿಚಾರಣೆ ನಡೆಸಿದ್ರೆ ಅಕ್ಕನ ಮನೆಗೆ ಹೋಗ್ತೀನಿ. ಕರೆಯೋಕೂ ಬರ್ಬೇಡಿ."

ಸೂಟ್‌ಕೇಸ್ ಈಗಲೂ ಅಲ್ಲೇ ಇತ್ತು, ಗಾಡಿಗೆ ಹೊತ್ತಾಯಿತು ಎಂದು ಎದ್ದು ನಿಂತ ನೆಂಟನ ಹಾಗೆ.

ಹೆದರಿದ ಎಕ್ಸ್‌ರೇ ಯಾರಿಗೂ ಹೇಳದೆ ಕೌನ್ಸೆಲರ್ ಒಬ್ಬರ ಬಳಿ ಹೋಗಿಬಂದಿದ್ದ. ತಲೆ ನರೆತ ಹೆಂಗಸು. ಅವನು ಹೇಳಿದ್ದನ್ನೆಲ್ಲ ನಗದೆ, ಗದರದೆ ಕೇಳಿದರು. ಹಾಗೆ ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ಅವನ ಎದೆ ಸ್ವಲ್ಪ ಹಗುರಾಗಿತ್ತು.

"ಅನುಮಾನ ಬಂದ್ರೆ ಬರಲಿ, ಓಡಿಸೋಕೆ ಹೋಗ್ಬೇಡಿ. ಆದ್ರೆ ಅದು ಹೇಳಿದ ಹಾಗೆ ಕುಣೀಬೇಡಿ. ಶುಕ್ರವಾರ ಇಡೀ ದಿನ ಹೆಂಡತಿಗೆ ಒಂದೂ ಪ್ರಶ್ನೆ ಕೇಳ್ಬೇಡಿ. ಕೇಳದೇ ಇದ್ರೂ ಆಕಾಶ ಕಳಚಿ ಬೀಳಲ್ಲ ಅಂತ ನಿಮಗೇ ಗೊತ್ತಾಗ್ಲಿ."

ಇವತ್ತು ಶುಕ್ರವಾರ.

"ಸರಿ," ಎಂದ ಎಕ್ಸ್‌ರೇ, ಬ್ರೆಡ್ಡು ನುಂಗಿ.

ಹೆಂಡತಿ ತಿರುಗಿ ನೋಡಿದಳು. "ತಡ ಆಗತ್ತೆ ಅಂದೆ."

"ಕೇಳಿಸ್ತು."

"ತುಂಬಾನೇ ತಡ ಆಗ್ಬಹುದು."

"ನಿಧಾನವಾಗಿ ಬಾ."

ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಅವನು ಮೆಟ್ಟಿಲಿಳಿದಾಗ ಕೆಳಮನೆಯ ಆಂಟಿ ಪೊರಕೆ ಹಿಡಿದು ನಿಂತಿದ್ದರು. ಗುಡಿಸುವುದು ಬರೀ ನೆಪ.

"ನಿನ್ ಹೆಂಡ್ತಿ ಈಗ ತಾನೇ ಬಿಳಿ ಕಾರಲ್ಲಿ ಹೋದ್ಲಪ್ಪ. ಯಾರೋ ಗಡ್ಡದೋನು. ಕಾರಿನ ಬಾಗಿಲು ತೆಗೆದು ಕೂರಿಸ್ದ! ನೀನು ಯಾವತ್ತಾದ್ರೂ ತೆಗ್ದಿದೀಯಾ?"

"ನಮ್ಮ ಹತ್ರ ಕಾರಿಲ್ಲ, ಆಂಟಿ."

"ಅದಕ್ಕೇ ಮತ್ತೆ!" ಎಂದು ಆಂಟಿ ಪೊರಕೆ ಝಾಡಿಸಿದರು.

ದಾರಿಯುದ್ದಕ್ಕೂ ಎಕ್ಸ್‌ರೇಗೆ ಗಡ್ಡದವರೇ ಕಂಡರು. ಇಷ್ಟು ಜನ ಕ್ಷೌರದಂಗಡಿಯ ಮುಖ ನೋಡದೆ ಬದುಕಿದ್ದಾರೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಆಸ್ಪತ್ರೆಯಲ್ಲಿ ದಪ್ಪಗಿನ ರೋಗಿಯೊಬ್ಬರನ್ನು ಯಂತ್ರದ ಮುಂದೆ ನಿಲ್ಲಿಸಿ, "ಉಸಿರು ಬಿಗಿ ಹಿಡ್ಕೊಳ್ಳಿ" ಎಂದು ಗಾಜಿನ ಹಿಂದೆ ಬಂದ. ಅಷ್ಟರಲ್ಲಿ ರಿಸೆಪ್ಷನ್ ಹುಡುಗಿ ಕತ್ತು ತೂರಿಸಿದಳು.

"ಅಣ್ಣಾ, ನಾನು ಹೇಳ್ದೆ ಅಂತ ಹೇಳ್ಬೇಡಿ. ಮೂಲೆ ಹೋಟೆಲಲ್ಲಿ ಅತ್ತಿಗೇನ ನೋಡ್ದೆ. ಯಾರೋ ಗಡ್ಡದವ್ರ ಜೊತೆ ಕಾಫಿ ಕುಡೀತಿದ್ರು. ಒಂದೇ ನಗು ಅಂತೀನಿ! ನಕ್ಕೂ ನಕ್ಕೂ ಕಣ್ಣೊರೆಸ್ಕೊಳ್ತಿದ್ರು."

ತನ್ನ ಜೊತೆ ಅವಳು ಹಾಗೆ ನಕ್ಕದ್ದು ಯಾವಾಗ? ಎಕ್ಸ್‌ರೇ ನೆನಪಿನಲ್ಲಿ ಹಿಂದೆ ಹಿಂದೆ ಹೋದ. ಮದುವೆಯ ದಿನ ಫೋಟೊದವನು ಕುರ್ಚಿಯಿಂದ ಬಿದ್ದಾಗ ನಕ್ಕಿದ್ದಳು. ಅದೂ ಫೋಟೊದವನ ಪುಣ್ಯ.

"ಅಯ್ಯೋ, ಉಸಿರು ಬಿಡಿ ಅನ್ರೀ!" ಸಿಸ್ಟರ್ ಕಿರುಚುತ್ತ ಓಡಿಬಂದರು. ಯಂತ್ರದ ಮುಂದಿದ್ದವರು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದರು. ಉಸಿರು ಬಿಟ್ಟ ಮೇಲೆ ಅವರು ಬಿಟ್ಟ ಬೈಗುಳ ಆಸ್ಪತ್ರೆಯ ಮೂರನೇ ಮಹಡಿಗೂ ಕೇಳಿಸಿತು. ಡಾಕ್ಟರು ಎಕ್ಸ್‌ರೇಯನ್ನು ಕರೆಸಿ ತಮ್ಮ ಪಾಲಿನದನ್ನೂ ಸೇರಿಸಿದರು.

ಮಧ್ಯಾಹ್ನ ಹೆಂಡತಿಯೇ ಫೋನ್ ಮಾಡಿದಳು.

"ನಾನೀಗ ಎಲ್ಲಿದೀನಿ ಗೊತ್ತಾ?"

"ಗೊತ್ತಿಲ್ಲ."

ಹಿಂದಿನಿಂದ ಗಂಡಸಿನ ನಗು ಕೇಳಿಸಿತು. ಒಳ್ಳೆ ತುಂಬು ನಗು, ಗಡ್ಡವಿದ್ದವರದೇ.

"ಗೊತ್ತು ಮಾಡ್ಕೋಬೇಕು ಅಂತ ಅನ್ಸಲ್ವಾ?"

ಎಕ್ಸ್‌ರೇ ಎದೆಗೆ ಕಟ್ಟಿಕೊಂಡಿದ್ದ ಸೀಸದ ಏಪ್ರನ್ನಿನ ಅಂಚು ಕಚ್ಚಿಕೊಂಡ. "ಇಲ್ಲ," ಎಂದ, ಹಲ್ಲಿನ ಸಂದಿಯಿಂದ.

ಆ ಕಡೆಯಿಂದ ಫೋನ್ ಕುಕ್ಕಿದ ಸದ್ದು.

ಸಂಜೆ ಅವನು ಮನೆಯಲ್ಲಿ ಕುರ್ಚಿಯ ಎರಡೂ ಕೈ ಹಿಡಿದು ಕೂತಿದ್ದ. ಹೆಂಡತಿ ದೊಡ್ಡದೊಂದು ಗುಲಾಬಿಯ ಗುಚ್ಛ ಹಿಡಿದು ಬಂದು ಅದನ್ನು ಅವನ ಮೂಗಿನ ಕೆಳಗೇ ಇಟ್ಟಳು. ಯಾರು ಕೊಟ್ಟರು, ಯಾಕೆ ಕೊಟ್ಟರು ಎನ್ನುವ ಪ್ರಶ್ನೆಗಳು ಅವನ ಬಾಯಲ್ಲಿ ಒಂದನ್ನೊಂದು ತಳ್ಳಾಡಿದವು.

"ನೀರಿಗೆ ಹಾಕು," ಎಂದ. "ಬಾಡುತ್ತೆ."

ಹೆಂಡತಿಯ ಮುಖ ಕೆಂಪಾಯಿತು. ಗುಲಾಬಿಗಳು ಗೋಡೆಗೆ ಬಡಿದವು. ಅವಳು ಸೀದಾ ಹೋಗಿ ಸೂಟ್‌ಕೇಸಿನ ಹಿಡಿಕೆಗೆ ಕೈಹಾಕಿದಳು.

"ಒಂದು ಪ್ರಶ್ನೆ! ಒಂದೇ ಒಂದು ಪ್ರಶ್ನೆ ಕೇಳೋಕೆ ಏನ್ರೀ ರೋಗ ನಿಮ್ಗೆ? ಬೆಳಿಗ್ಗೆಯಿಂದ ಸಿಟ್ಟು ನುಂಗೋಕೆ ಅಂತ ಬಾಯಿ ತೆಕ್ಕೊಂಡು ಕಾಯ್ತಿದೀನಿ!"

ಎಕ್ಸ್‌ರೇಗೆ ತಲೆಬುಡ ತಿಳಿಯಲಿಲ್ಲ. ಅವಳು ಸೂಟ್‌ಕೇಸಿನ ಮೇಲೆ ಕುಸಿದು ಕೂತಳು.

"ಈ ವಾರದಿಂದ ನನ್ನ ಸಿಟ್ಟಿಗೆ ಅಂತ ಕೌನ್ಸೆಲರ್ ಹತ್ರ ಹೋಗ್ತಿದೀನಿ. ಗಂಡ ಅನುಮಾನದ ಪ್ರಶ್ನೆ ಕೇಳಿದಾಗ ರೇಗದೆ ಸಮಾಧಾನವಾಗಿ ಉತ್ತರ ಕೊಡಿ ಅಂದಿದಾರೆ. ಬೇರೆ ದಿನ ಬೇಡ ಅಂದ್ರೂ ಕೇಳ್ತೀರ, ಇವತ್ತು ಬಾಯಿಗೆ ಬೀಗ! ನಿಮ್ಮನ್ನ ಕೆಣಕೋಕೆ ಪಾಪ ನಮ್ಮ ಭಾವ ಕೆಲಸಕ್ಕೆ ರಜ ಹಾಕಿ ಕಾರು ತಂದ್ರು. ಹೂವು ನಾನೇ ಕೊಂಡಿದ್ದು!"

"ಭಾವಂಗೆ ಗಡ್ಡ ಎಲ್ಲಿದೆ..." ಎಂದು ಶುರುಮಾಡಿದ ಎಕ್ಸ್‌ರೇ ಅರ್ಧಕ್ಕೇ ನುಂಗಿಕೊಂಡ.

"ಈ ತಿಂಗಳಿಂದ ಬಿಟ್ಟಿದಾರೆ."

ಅವನು ತನ್ನ ಶುಕ್ರವಾರದ ಕತೆಯನ್ನೂ ಹೇಳಿದ. ಕೇಳುತ್ತ ಕೇಳುತ್ತ ಅವಳ ಭುಜ ಅಲುಗತೊಡಗಿತು. ನಕ್ಕಳು, ನಕ್ಕು ಕಣ್ಣೊರೆಸಿಕೊಂಡಳು. ಎಕ್ಸ್‌ರೇ ಅದನ್ನೇ ನೋಡುತ್ತ ಕೂತ. ಇಬ್ಬರೂ ಸೇರಿ ಹೂಗಳನ್ನು ಹೆಕ್ಕಿದರು. ಸೂಟ್‌ಕೇಸನ್ನು ಅವನೇ ಅಟ್ಟಕ್ಕೇರಿಸಿದ.

ಏಣಿಯಿಂದ ಇಳಿಯುವಾಗ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂತು. ತಡೆದ. ಇನ್ನೂ ತಡೆದ.

"ನಿನ್ನ ಕೌನ್ಸೆಲರ್... ಗಂಡಸಾ, ಹೆಂಗಸಾ?"

ಹೆಂಡತಿ ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡಳು. "ಗಂಡಸು," ಎಂದಳು ಮೃದುವಾಗಿ.

"ವಯಸ್ಸೆಷ್ಟು?"

"ಚಿಕ್ಕವ್ರೇ. ನಿಮಗಿಂತ ಚಿಕ್ಕವ್ರು."

"ಮದುವೆ ಆಗಿದೆಯಾ?"

"ಇಲ್ಲ." ಮುಗುಳ್ನಗೆ ಒಂದಿಷ್ಟೂ ಅಲುಗಲಿಲ್ಲ.

ಮರುಕ್ಷಣವೇ ಅವಳು ಚಪ್ಪಾಳೆ ತಟ್ಟಿ ಕುಣಿದಳು. "ರೀ, ನೋಡಿದ್ರಾ? ನನಗೆ ಚೂರೂ ಸಿಟ್ಟು ಬರಲಿಲ್ಲ! ಇದನ್ನ ಅವರಿಗೆ ಈಗ್ಲೇ ಹೇಳ್ಬೇಕು!"

ಫೋನ್ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಅವಳ ನಗು ಕೇಳಿಸಿತು. ಎಕ್ಸ್‌ರೇ ಏಣಿಯ ಮೇಲೆ ಒಂದು ಕಾಲಿಟ್ಟೇ ನಿಂತಿದ್ದ. ನಗು ನಿಲ್ಲುವ ಹಾಗೆ ಕಾಣಲಿಲ್ಲ.