ಅಂಗೈ ತೋರಿಸುವ ಅತ್ತೆ

ಅಡುಗೆ ಮುಗಿಸಿ ಒಲೆಯ ಮುಂದಿನಿಂದ ಸರಿಯುವಾಗ ನಿಮ್ಮ ಮನೆಯ ಹಿರಿಯರು ಯಾರಾದರೂ ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿ, ಎರಡೂ ಕೈಗಳನ್ನು ಮೇಲೆ ಕೆಳಗೆ ತಿರುಗಿಸಿ, ಅಡುಗೆಮನೆಯ ಸೂರಿಗೆ ತೋರಿಸುತ್ತಾರೆಯೇ? ಇಲ್ಲವೆಂದಾದರೆ ನೀವು ನಂಬಿಕಸ್ಥರ ನಡುವೆ ಬೆಳೆದವರು, ಭಾಗ್ಯವಂತರು. ನನ್ನ ಸೋದರತ್ತೆಯಂತೂ ಈ ಭೂಮಿಯ ಮೇಲೆ ಯಾರನ್ನೂ ನಂಬುವವರಲ್ಲ. ಶಂಕಿತರ ಸಾಲಿನಲ್ಲಿ ಮೊದಲು ನಿಲ್ಲುವವರು ಸ್ವತಃ ಅವರೇ!

ಇದು ವಂಶದಿಂದ ಬಂದ ಗುಣವಲ್ಲ, ವೃತ್ತಿಯಿಂದ ಬಂದದ್ದು. ಅತ್ತೆ ನಾಟಿಂಗ್‌ಹ್ಯಾಮ್‌ನ ಒಂದು ಕ್ಯಾಸಿನೊದಲ್ಲಿ ಡೀಲರ್. ಅಂದರೆ ಜೂಜಿನ ಮೇಜಿನ ಈಚೆ ನಿಂತು ಇಸ್ಪೀಟಿನ ಎಲೆ ಹಂಚುವವರು, ರೂಲೆಟ್ ಚಕ್ರ ತಿರುಗಿಸುವವರು. ಹಣೆಯಲ್ಲಿ ಕುಂಕುಮ, ಮೈಮೇಲೆ ಕಪ್ಪು ವೇಸ್ಟ್‌ಕೋಟು, ಎದುರಿಗೆ ಹಣದ ಬದಲು ಪಣಕ್ಕಿಡುವ ಬಣ್ಣಬಣ್ಣದ ಬಿಲ್ಲೆಗಳ ಸಾಲು. ಮೈಸೂರಿನ ನಮ್ಮ ಬಂಧುಬಳಗಕ್ಕೆ ಮಾತ್ರ ಅವರು "ಫೈನಾನ್ಸ್ ಲೈನಿನಲ್ಲಿ" ಇದ್ದಾರೆ. ಇದನ್ನು ಸುಳ್ಳೆನ್ನಲು ನನ್ನ ತರ್ಕ ಒಪ್ಪುವುದಿಲ್ಲ. ಒಬ್ಬರ ಹಣ ಇನ್ನೊಬ್ಬರಿಗೆ ಸೇರುವುದನ್ನು ಫೈನಾನ್ಸ್ ಅನ್ನದೆ ಮತ್ತೇನನ್ನಬೇಕು?

ಮೇಜು ಬಿಟ್ಟು ಹೋಗುವ ಡೀಲರ್ ಪ್ರತಿ ಸಲವೂ ಬರಿಗೈಗಳನ್ನು ಸೂರಿನ ಕ್ಯಾಮೆರಾಕ್ಕೆ ತೋರಿಸಲೇಬೇಕು: ಒಂದು ಬಿಲ್ಲೆಯನ್ನೂ ನಾನು ಒಯ್ಯುತ್ತಿಲ್ಲ ಎಂಬ ಪ್ರಮಾಣ ಅದು. ಸಮವಸ್ತ್ರದ ಜೇಬುಗಳಿಗೂ ಹೊಲಿಗೆ ಹಾಕಿರುತ್ತಾರೆ. ನಾನು ಶೆಫೀಲ್ಡಿಗೆ ಓದಲು ಬಂದ ಹೊಸತರಲ್ಲಿ, ತೋಳು ಹರಿದಿದ್ದ ನನ್ನ ಕೋಟನ್ನು ಅತ್ತೆಗೆ ಹೊಲಿಯಲು ಕೊಟ್ಟಿದ್ದೆ. ಹಿಂದಿರುಗುವಾಗ ಟ್ರ್ಯಾಮ್ ನಿಲ್ದಾಣದಲ್ಲಿ ಜೇಬಿಗೆ ಕೈ ಹಾಕಲು ಹೋಗುತ್ತೇನೆ, ಕೈ ಜಾರಿ ಕೆಳಗಿಳಿಯುತ್ತದೆ. ತೋಳಿನ ಹರಕಿನ ಜೊತೆ ಜೇಬುಗಳೂ ಭದ್ರವಾಗಿ ಮುಚ್ಚಿಹೋಗಿದ್ದವು! ಫೋನ್ ಮಾಡಿ ದೂರಿದರೆ, "ಜೇಬು ಯಾಕೋ ಬೇಕು ನಿಂಗೆ? ಏನ್ ಬಚ್ಚಿಡೋದಿತ್ತು?" ಎಂದು ನನ್ನನ್ನೇ ವಿಚಾರಣೆಗೆ ಗುರಿಪಡಿಸಿದರು.

ಇನ್ನೊಂದು ಕಟ್ಟಳೆ ಇದಕ್ಕಿಂತ ಅಪಾಯಕಾರಿ. ಡೀಲರ್ ಮತ್ತು ಗಿರಾಕಿಯ ನಡುವೆ ಕೈಯಿಂದ ಕೈಗೆ ಏನೂ ದಾಟುವಂತಿಲ್ಲ. ಎಲ್ಲವೂ ಮೊದಲು ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ. ಧಾರವಾಡದ ಕಡೆಯ ನನ್ನ ಸಹಪಾಠಿಯೊಬ್ಬನನ್ನು ಒಂದು ಭಾನುವಾರ ಅತ್ತೆಯ ಮನೆಗೆ ಊಟಕ್ಕೆ ಕರೆದೊಯ್ದಿದ್ದೆ. ಅವನು ಚಹಾಕ್ಕೆ ಕೈ ಚಾಚಿದ. ಅತ್ತೆ ಕಪ್ಪನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದರು. ಮಜ್ಜಿಗೆಗೆ ಚಾಚಿದ, ಅದೂ ಮೇಜಿನ ಮೇಲೆ. ಅವನ ಮುಖ ನೋಡನೋಡುತ್ತ ಕಳೆಗುಂದಿತು.

"ಅತ್ತಿಯವರ, ಒಂದ್ ಮಾತ್ ಕೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ," ಅಂದ. "ನನ್ನ ಕೈ ಮುಟ್ಟಿದ್ರ ನಿಮಗ ಮೈಲಿಗಿ ಆಗ್ತದೇನ್ರಿ?"

ಅಸ್ಪೃಶ್ಯತೆಯ ವಿರುದ್ಧ ಅಂತರಕಾಲೇಜು ವೇದಿಕೆಗಳಲ್ಲಿ ಮೇಜು ಗುದ್ದಿದವನು ನಾನು. ನನ್ನದೇ ಬಂಧುವಿನ ಮನೆಯಲ್ಲಿ ಈ ಪ್ರಶ್ನೆಯೇ?

"ಮೈಲಿಗೆನಾ? ಅಯ್ಯೋ ರಾಮ!" ಅತ್ತೆ ಬೆಚ್ಚಿದರು. "ಹಾಗಲ್ಲಪ್ಪ, ಟೇಬಲ್ ಮೇಲಿಟ್ರೆ ಆಮೇಲೆ ಯಾರೂ ಜಗಳ ತೆಗೆಯೋ ಹಾಗಿಲ್ಲ. ನಮ್ಮನೆಯೋರಿಗೂ ಇದೇ ರೂಲು."

ಮೂಲೆಯಲ್ಲಿ ಪೇಪರು ಓದುತ್ತಿದ್ದ ಮಾವ ತಲೆಯೆತ್ತಲೂ ಇಲ್ಲ. "ನಿಜ ಕಣಪ್ಪ. ಆನಿವರ್ಸರಿಗೆ ಉಂಗುರ ತಂದೆ. ಟೇಬಲ್ ಮೇಲಿಟ್ಟು ಕೈ ಹಿಂದಕ್ಕೆ ತಗೊಳ್ಳಿ ಅಂದ್ಲು."

ಗೆಳೆಯ ನಕ್ಕ ನಗೆಗೆ ಮಜ್ಜಿಗೆ ನೆತ್ತಿಗೇರಿತು.

ಮನೆಯೊಳಗಿನ ಮಾತಾಯಿತು, ಸಾರ್ವಜನಿಕ ಜೀವನದ ಕಥೆ ಕೇಳಿ. ನಮ್ಮ ಕನ್ನಡ ಸಂಘದ ದೀಪಾವಳಿಯಲ್ಲಿ ತಂಬೋಲಾ ನಡೆಯುತ್ತಿತ್ತು. ಉದ್ದ ತೋಳಿನ ಜುಬ್ಬಾ ತೊಟ್ಟ ಖಜಾಂಚಿಗಳು ಚೀಲದೊಳಗೆ ಕೈಯಿಟ್ಟು ಅಂಕಿ ತೆಗೆಯಬೇಕು, ಅಷ್ಟರಲ್ಲಿ ಸಭೆಯ ನಡುವಿನಿಂದ ಅತ್ತೆ ಎದ್ದರು.

"ಒಂದ್ನಿಮಿಷ. ತೋಳು ಮಡಚಿ ಎರಡೂ ಕೈ ತೋರ್ಸಿ, ಸರ್."

"ಮೇಡಂ, ಪ್ರೈಜು ಬರೀ ಪ್ರೆಶರ್ ಕುಕ್ಕರ್ರು!"

"ಜುಜುಬಿ ಕುಕ್ಕರ್‌ಗೆ ಹೆಸರು ಕೆಡಿಸ್ಕೊಳ್ಳೋದು ಇನ್ನೂ ಅವಮಾನ ಅಲ್ವಾ?"

ಖಜಾಂಚಿಗಳು ಕೆಂಪಾದರು. ಆದರೂ ತೋಳು ಮಡಚಿದರು, ಇಡೀ ಸಭಾಂಗಣಕ್ಕೆ ಅಂಗೈ ತೋರಿಸಿದರು, ಆಟ ಸಾಗಿತು. ಕುಕ್ಕರ್ ಯಾರಿಗೆ ಬಂತೆನ್ನುತ್ತೀರಿ? ಖಜಾಂಚಿಗಳ ಶ್ರೀಮತಿಯವರಿಗೆ! ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅತ್ತೆ. "ಈಗ ಯಾರಾದ್ರೂ ಕೊಂಕು ಮಾತಾಡ್ಲಿ ನೋಡೋಣ," ಎಂದು ಸುತ್ತ ನೋಡಿದರು. ಸಂಶಯವೆಂದರೆ ಮನುಷ್ಯರ ನಡುವಿನ ಗೋಡೆ ಎಂದೇ ನಾನು ತಿಳಿದಿದ್ದೆ. ಅದು ಪ್ರಾಮಾಣಿಕನ ನೆತ್ತಿಯ ಮೇಲಿನ ಕೊಡೆಯೂ ಆಗಬಹುದೆಂಬುದು ಹೊಳೆದದ್ದು ಆ ಸಂಜೆ.

ಹಾಗೆಂದು ಜೂಜಿನ ವಿಷಯದಲ್ಲಿ ನಾನು ಸೋತೆನೆಂದುಕೊಳ್ಳಬೇಡಿ. ಜೂಜುಕಟ್ಟೆಗಳೆಲ್ಲ ಮುಚ್ಚಬೇಕೆಂಬುದು ನನ್ನ ಅಚಲ ನಿಲುವು. ಅದನ್ನು ಮಂಡಿಸಲು ಅತ್ತೆಗಿಂತ ಸಮೀಪದ ಎದುರಾಳಿ ಯಾರು? "ಅತ್ತೆ, ಮೇಜಿನ ಮೇಲೆ ಮೋಸ ಮಾಡುವವನನ್ನು ಹಿಡಿಯುತ್ತೀರಿ, ಸರಿ. ಚೆಂಡು ಬಿದ್ದ ಮೇಲೆ ಬಿಲ್ಲೆ ಸರಿಸುವವನು, ಸೋತ ಬಿಲ್ಲೆಯನ್ನು ಮೆಲ್ಲಗೆ ಹಿಂದಕ್ಕೆಳೆಯುವವನು, ಇವರು ಕಳ್ಳರೇ. ಆದರೆ ರೂಲೆಟ್ ಚಕ್ರಕ್ಕೆ ಒಂದು ಸೊನ್ನೆ ಸೇರಿಸಿ, ಗೆಲುವು ಕೊನೆಗೆ ನಿಮ್ಮ ಕಡೆಗೇ ವಾಲುವಂತೆ ಮಾಡಿದ್ದೀರಲ್ಲ, ಅದು ಮೋಸವಲ್ಲವೇ?"

"ಸೊನ್ನೆಗೆ ಹಸಿರು ಬಣ್ಣ ಹಚ್ಚಿ ಎದುರಿಗೇ ಇಟ್ಟಿದೀವಲ್ಲೋ. ಬಚ್ಚಿಟ್ಟಿದೀವಾ?"

"ಹಾಗಾದರೆ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟದಲ್ಲಿ ಮುಗಿದ ಎಲೆಗಳನ್ನು ನೆನಪಿಟ್ಟು, ಉಳಿದವನ್ನು ಊಹಿಸಿ ಆಡುವವನನ್ನೇಕೆ ಹೊರಗಟ್ಟುತ್ತೀರಿ? ಅವನು ಮಾಡಿದ್ದು ಯೋಚನೆ ಮಾತ್ರ. ಲೆಕ್ಕ ಬಲ್ಲವನಿಗೆ ಬಾಗಿಲು ಮುಚ್ಚಿ, ಲೆಕ್ಕ ಬಾರದವನಿಗೆ ತೆರೆದಿಡುವುದು ಯಾವ ನ್ಯಾಯ?"

ಕಾಲೇಜಿನಲ್ಲಾಗಿದ್ದರೆ ಈ ಮಾತಿಗೆ ಬೆಂಚುಗಳು ಬಡಿದುಕೊಳ್ಳುತ್ತಿದ್ದವು. ಅತ್ತೆ ಬೆಂಡೆಕಾಯಿ ಹೆಚ್ಚುತ್ತಲೇ ಇದ್ದರು. "ನನ್ನ ಮೇಲೆ ಟೇಬಲ್ ಇನ್ಸ್‌ಪೆಕ್ಟ್ರು, ಅವನ ಮೇಲೆ ಮ್ಯಾನೇಜ್ರು, ಅವರ ಮೇಲೆ ಕ್ಯಾಮೆರಾ. ಅದರ ಮೇಲೆ ದೇವ್ರು. ನ್ಯಾಯ ಅವನ ಡಿಪಾರ್ಟ್‌ಮೆಂಟು. ಅವನು ಯಾವ ಶಿಫ್ಟಲ್ಲಿ ಬರ್ತಾನೋ ನಂಗೊತ್ತಿಲ್ಲ."

ಹೀಗೆ ಜಗತ್ತನ್ನೆಲ್ಲ ಶಂಕಿಸಿದವರನ್ನು ಒಂದು ದಿನ ಜಗತ್ತೇ ಶಂಕಿಸಿತು.

ಕಳೆದ ವಸಂತದಲ್ಲಿ ಕನ್ನಡದ ಹುಡುಗನೊಬ್ಬ ಮಧ್ಯಾಹ್ನದ ಹೊತ್ತು ಅತ್ತೆಯ ಬ್ಲ್ಯಾಕ್‌ಜ್ಯಾಕ್ ಮೇಜಿಗೆ ಬರತೊಡಗಿದ. ಮಾಸ್ಟರ್ಸ್ ಓದಲು ಬಂದವನು. ಎದೆಯ ಮೇಲಿನ ಹೆಸರು ನೋಡಿ, "ಆಂಟಿ, ಕನ್ನಡದವ್ರಾ?" ಎಂದು ಕಣ್ಣರಳಿಸಿದನಂತೆ. ಮೇಜಿನ ಬಳಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ನಿಷಿದ್ಧ. ಡೀಲರ್ ಗಿರಾಕಿಗೆ ಗುಟ್ಟು ದಾಟಿಸಬಾರದೆಂದು. ಅತ್ತೆ ಇಂಗ್ಲಿಷಿನಲ್ಲೇ ಉತ್ತರಿಸಿದರು. ಹುಡುಗ ಯಾವುದೋ ವೀಡಿಯೊ ನೋಡಿ ಎಲೆ ಲೆಕ್ಕ ಹಾಕುವ ವಿದ್ಯೆ ಕಲಿತಿದ್ದ. "ತುಟಿ ಅಲ್ಲಾಡಿಸ್ಕೊಂಡು ಲೆಕ್ಕ ಹಾಕ್ತಿದ್ದ, ಅದೂ ತಪ್ಪುತಪ್ಪಾಗಿ," ಎಂದು ಅತ್ತೆ ಆಮೇಲೆ ನನಗೆ ಹೇಳಿದರು. "ಸರಿಯಾಗಿ ಹಾಕಿದ್ದಿದ್ರೆ ನಮ್ಮೋರೇ ಓಡಿಸ್ತಿದ್ರು, ಬದುಕ್ಕೊಳ್ತಿದ್ದ."

ಅವನು ಸೋಲುತ್ತ ಹೋದ, ಬರುತ್ತಲೂ ಹೋದ. ಅತ್ತೆ ನಿಯಮದಂತೆ ಮೇಲಿನವರಿಗೆ ತಿಳಿಸಿದರು. ಅವರು ಹುಡುಗನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿ, ಜೂಜಿನ ಚಟ ಬಿಡಿಸುವ ಸಹಾಯವಾಣಿಯ ಒಂದು ಕರಪತ್ರ ಕೊಟ್ಟರು. ಅವನು ತಲೆಯಾಡಿಸಿದ, ಮರುದಿನ ಮತ್ತೆ ಬಂದು ಕುಳಿತ. ಕೊನೆಗೊಂದು ಮಧ್ಯಾಹ್ನ ಇದ್ದಬದ್ದ ಬಿಲ್ಲೆಗಳನ್ನೆಲ್ಲ ಒಂದೇ ಆಟಕ್ಕೊಡ್ಡಿದ, ಗೆದ್ದ! ಗೆದ್ದದ್ದನ್ನೆಲ್ಲ ಮತ್ತೆ ಮುಂದಕ್ಕೆ ತಳ್ಳಲು ಅವನ ಕೈ ಹೊರಟಿತ್ತು. ಆಗ ಅತ್ತೆ ತಗ್ಗಿದ ದನಿಯಲ್ಲಿ ಕನ್ನಡದಲ್ಲಿ ಏನೋ ಹೇಳಿದರು. ಹುಡುಗ ಬಿಳಿಚಿಕೊಂಡ. ಬಿಲ್ಲೆಗಳನ್ನು ಬಾಚಿಕೊಂಡು ಹೊರಟೇಹೋದ.

ಮೇಲಿನವರ ಕಣ್ಣಿನಿಂದ ನೋಡಿ: ಡೀಲರ್ ಯಾರಿಗೂ ತಿಳಿಯದ ಭಾಷೆಯಲ್ಲಿ ಪಿಸುಗುಟ್ಟುತ್ತಾಳೆ, ಗೆದ್ದವನು ಆ ಕ್ಷಣವೇ ಮಾಯವಾಗುತ್ತಾನೆ. ನಾನೇ ಅಲ್ಲಿದ್ದರೂ ಸಂಶಯಪಡುತ್ತಿದ್ದೆ. ಅತ್ತೆಯನ್ನು ಮೇಜಿನ ಕೆಲಸದಿಂದ ದೂರವಿಟ್ಟರು. ಒಳಸಂಚು ಸಾಬೀತಾದರೆ ಲೈಸೆನ್ಸ್ ಹೋಗುತ್ತದೆ. ಆಮೇಲೆ ಈ ದೇಶದ ಯಾವ ಕ್ಯಾಸಿನೊದಲ್ಲೂ ಕೆಲಸವಿಲ್ಲ. ಅದಕ್ಕಿಂತ ಮಿಗಿಲಾಗಿ, ಅಂಗೈ ತೋರಿಸಿಯೇ ಬದುಕಿದವರಿಗೆ ಕಳ್ಳಿ ಎಂಬ ಹೆಸರು.

ವಿಚಾರಣೆಗೆ ಅವರ ಜೊತೆ ಕೂರಲು ನನಗೆ ಅನುಮತಿ ಸಿಕ್ಕಿತು. ಎದುರಿಗೆ ಮ್ಯಾನೇಜರ್ ಮಹಿಳೆ, ನಾಟಿಂಗ್‌ಹ್ಯಾಮ್‌ನಲ್ಲೇ ಹುಟ್ಟಿ ಬೆಳೆದವರು. ಮೇಜಿನ ಮೇಲಿನ ಫೋನಿನಲ್ಲಿ ಯಾವುದೋ ಊರಿನ ಕನ್ನಡ ದುಭಾಷಿ. ಆ ದಿನದ ಆಟದ ಮೇಜಿನ ಧ್ವನಿಮುದ್ರಣ ಹಚ್ಚಿದರು. ಅತ್ತೆಯ ಮೊದಲ ಮಾತು ಕೇಳಿಸಿತು: "ಸಾಕಪ್ಪಾ."

"ಸಾಕು, ತಂದೆಯೇ," ಎಂದು ದುಭಾಷಿ ಅಕ್ಷರಶಃ ಇಂಗ್ಲಿಷಿಗೆ ತಂದರು.

ಮ್ಯಾನೇಜರ್ ಮುದ್ರಣ ನಿಲ್ಲಿಸಿದರು. "ತಂದೆಯೇ? ಅವನು ನಿಮ್ಮನ್ನು ಆಂಟಿ ಅನ್ನುತ್ತಿದ್ದ, ಅದೂ ದಾಖಲಾಗಿದೆ. ನೀವು ಅವನನ್ನು ತಂದೆ ಅನ್ನುತ್ತೀರಿ. ಸಂಬಂಧಿಕರಿಗೆ ಎಲೆ ಹಂಚುವಂತಿಲ್ಲವೆಂದು ನಿಮಗೆ ಗೊತ್ತಲ್ಲವೇ?"

ಇಂಥ ಗಳಿಗೆಗಾಗಿಯೇ ತಾನೇ ನಾನು ಚರ್ಚಾಸ್ಪರ್ಧೆಗಳಲ್ಲಿ ತರಬೇತಾದದ್ದು? ಎದ್ದು ನಿಂತೆ. ನಮ್ಮಲ್ಲಿ ತೊಟ್ಟಿಲ ಕೂಸೂ ಅಪ್ಪನೇ, ಆಟೋ ಓಡಿಸುವವನು ಅಣ್ಣ, ಸೊಪ್ಪು ಮಾರುವವಳು ಅಕ್ಕ, ಗುರುತಿಲ್ಲದ ಹಿರಿಯಳು ಆಂಟಿ. ವಸುಧೆಯನ್ನೇ ಕುಟುಂಬವೆಂದು ಭಾವಿಸುವ ಸಂಸ್ಕೃತಿಯ ಈ ಸಂಬೋಧನೆಗಳನ್ನು ರಕ್ತಸಂಬಂಧದ ಪುರಾವೆಯೆಂದು ಪರಿಗಣಿಸುವುದು ತರ್ಕದೋಷವೆಂದು ವಿವರವಾಗಿ ಪ್ರತಿಪಾದಿಸಿದೆ.

ಮ್ಯಾನೇಜರ್ ಗಂಭೀರವಾಗಿ ಕೇಳಿಸಿಕೊಂಡರು. "ಅಂದರೆ ನಿಮ್ಮ ರಾಜ್ಯದಲ್ಲಿ ಎಲ್ಲರೂ ಎಲ್ಲರಿಗೂ ಸಂಬಂಧಿಕರು?"

ನನ್ನ ವಾದ ನನಗೇ ಉರುಳಾಯಿತು! ಅತ್ತೆ ನನ್ನ ತೋಳು ಜಗ್ಗಿ ಕೂರಿಸಿದರು. ತಮ್ಮ ಇಂಗ್ಲಿಷಿನಲ್ಲಿ ಮ್ಯಾನೇಜರ್‌ಗೆ ಇಷ್ಟೇ ಹೇಳಿದರು: "ನೀವು ಬೆಳಗಾದ್ರೆ ನನ್ನನ್ನ 'ಮೀ ಡಕ್' ಅಂತ ಕರೀತೀರಲ್ಲ. ನಾನೇನು ಬಾತುಕೋಳಿನಾ?"

ಆ ಊರಿನಲ್ಲಿ ಬಸ್ಸಿನವರಿಂದ ಡಾಕ್ಟರರವರೆಗೆ ಎಲ್ಲರೂ ಎಲ್ಲರಿಗೂ ಅಕ್ಕರೆಯಿಂದ "ಡಕ್" ಅನ್ನುತ್ತಾರೆ. ಮ್ಯಾನೇಜರ್ ನಕ್ಕರು, ಫೋನಿನೊಳಗಿನ ದುಭಾಷಿಯೂ ನಕ್ಕರು. ಮುದ್ರಣ ಮುಂದುವರಿಯಿತು.

"ಹೋಗು. ಮತ್ತೆ ಇಲ್ಲಿಗೆ ಬರ್ಬೇಡ."

ದುಭಾಷಿ ಅನುವಾದಿಸಿದರು. ನಗು ನಿಂತಿತು.

"ಹುಡುಗ ಹಾಳಾಗುತ್ತಿದ್ದಾನೆಂದು ನಮಗೆ ಹೇಳಬಹುದಿತ್ತಲ್ಲ?" ಮ್ಯಾನೇಜರ್ ದನಿ ತಗ್ಗಿತ್ತು.

"ಹೇಳಿದ್ದೆ. ನೀವು ಲೀಫ್‌ಲೆಟ್ ಕೊಟ್ರಿ."

ಆ ದಿನದ ಆಟವನ್ನೆಲ್ಲ ಕ್ಯಾಮೆರಾದಲ್ಲಿ ಮೊದಲೇ ಎಲೆ ಎಲೆಯಾಗಿ ಪರೀಕ್ಷಿಸಿದ್ದರು, ಎಲ್ಲೂ ಕೈಚಳಕವಿರಲಿಲ್ಲ. ಮೋಸದ ಆರೋಪ ಬಿದ್ದುಹೋಯಿತು. ಮೇಜಿನ ಬಳಿ ಕನ್ನಡವಾಡಿದ್ದಕ್ಕೆ ಮಾತ್ರ ಲಿಖಿತ ಎಚ್ಚರಿಕೆ. ಇದು ಅನ್ಯಾಯ, ಮೇಲ್ಮನವಿ ಸಲ್ಲಿಸೋಣ ಎಂದು ನಾನು ಹೊರಗೆ ಬಂದು ಗುಡುಗಿದರೆ ಅತ್ತೆ ಗದರಿದರು: "ಸುಮ್ನಿರೋ. ರೂಲು ರೂಲೇ. ನಾನು ಇನ್ಸ್‌ಪೆಕ್ಟರ್ ಆಗಿದ್ರೂ ನನ್ನನ್ನ ಹಿಡೀತಿದ್ದೆ."

ಟ್ರ್ಯಾಮಿನಲ್ಲಿ ಅಕ್ಕಪಕ್ಕ ಕುಳಿತೆವು. ಲೈಸೆನ್ಸ್ ಉಳಿದಿತ್ತು, ಹೆಸರು ಉಳಿದಿತ್ತು. ಅಭಿನಂದಿಸಲೆಂದು ತಿರುಗಿದರೆ ಅತ್ತೆ ಕಿಟಕಿಯ ಕಡೆ ಮುಖಮಾಡಿ ಅಳುತ್ತಿದ್ದರು.

"ಎಲ್ಲ ಸರಿಹೋಯಿತಲ್ಲ, ಅತ್ತೆ?"

"ಯಾರ್ ಹೆತ್ತ ಮಗುವೋ ಏನೋ," ಅಂದರು. "ಹೋಗು, ಬರ್ಬೇಡ ಅಂದ್ಬಿಟ್ಟೆನಲ್ಲೋ. ಹಾಲಿನವನಿಗೂ ಹಾಗಂದಿಲ್ಲ ನಾನು."

ಹೊರಟವರಿಗೆ ನಾವು "ಹೋಗು" ಅನ್ನುವುದಿಲ್ಲ. ಶಾಲೆಗೆ ಹೊರಟ ಮಗುವಾಗಲಿ, ಜಗಳವಾಡಿ ಎದ್ದ ನೆಂಟನಾಗಲಿ, "ಹೋಗಿ ಬಾ" ಎಂದೇ ಬೀಳ್ಕೊಡುತ್ತೇವೆ. ಪರದೇಶದಲ್ಲಿ ಒಂಟಿಯಾಗಿ ಸೋಲುತ್ತಿದ್ದ ಹುಡುಗ ತನ್ನ ಭಾಷೆಯವರೊಬ್ಬರನ್ನು ಕಂಡು ಹಿಗ್ಗಿದ್ದ. ವಾರಗಟ್ಟಲೆ ಕಾದ ಮೇಲೆ ಅವನಿಗೆ ಅವರ ಬಾಯಿಂದ ಸಿಕ್ಕಿದ ಕನ್ನಡ ಅಷ್ಟೇ. ಅವನನ್ನು ಉಳಿಸಲು ಅತ್ತೆಗೆ ಬೇರೆ ಮಾತು ಸಿಗಲಿಲ್ಲ. ಅವನ ವಿಳಾಸ ಕೇಳುವಂತಿಲ್ಲ, ಹುಡುಕುವಂತಿಲ್ಲ. ಅದಕ್ಕೂ ಕಟ್ಟಳೆ ಇದೆ, ಕಟ್ಟಳೆಯನ್ನು ಅತ್ತೆ ಮತ್ತೊಮ್ಮೆ ಮುರಿಯುವವರಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಾಟಿಂಗ್‌ಹ್ಯಾಮ್‌ನಲ್ಲಿ ಓದುವ ಹುಡುಗನೊಬ್ಬ, ಯಾರೋ ಒಬ್ಬ ಕನ್ನಡದ ಆಂಟಿ ತನ್ನನ್ನು ಬರಬೇಡವೆಂದು ಕಳಿಸಿದರೆಂದು ನಿಮ್ಮೆದುರು ಎಂದಾದರೂ ನೊಂದುಕೊಂಡರೆ, ಬರಬೇಡವೆಂದದ್ದು ಆ ಮೇಜಿಗೆ ಮಾತ್ರವೆಂದು ಅವನಿಗೆ ತಿಳಿಸಿ. ಭಾನುವಾರ ಮಧ್ಯಾಹ್ನ ಅತ್ತೆಯ ಮನೆಗೆ ಊಟಕ್ಕೆ ಕಳಿಸಿ. ಅವನು ಸಿಗದಿದ್ದರೆ, ನಿಮ್ಮ ಬೀದಿಯಲ್ಲಿ ಅವನಂತೆ ಒಂಟಿಯಾಗಿರುವ ಇನ್ನೊಬ್ಬನನ್ನು ನಿಮ್ಮ ಮನೆಗೆ ಕರೆಯಿರಿ. ದಯವಿಟ್ಟು ಈ ವಾರವೇ ಕರೆಯಿರಿ.