ಕಾರು ಓಡಿಸುವ ಕೋಳಿ

ಅನುಮಾನಕ್ಕೆ ಮದ್ದಿಲ್ಲ ಅಂತಾರೆ. ನಮ್ಮ ಮನೇಲಿ ಅದಕ್ಕೆ ಭಾನುವಾರದ ರಜೆಯೂ ಇಲ್ಲ. ಒಂದು ವಾರ ಅಕ್ಕಪಕ್ಕದವರಿಗೆ ನಮ್ಮ ಮೇಲೆ, ಇನ್ನೊಂದು ವಾರ ನಮಗೆ ನಮ್ಮ ಮೇಲೇ. ಎಲ್ಲದಕ್ಕೂ ಮೂಲ ಒಂದು ಹಳೇ ಕಂಪ್ಯೂಟರು.

ನಾನು ಬೂದಿಕೋಟೆ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು ಬಸ್ಸು ಹಿಡಿಯುತ್ತೇನೆ. ನಮ್ಮವರಿಗೆ ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ. ಯಾವುದೋ ಆಫೀಸಿನವರು ಹೊಸದು ತರಿಸಿ ಹಳೆಯದನ್ನು ಆಚೆ ಇಟ್ಟಾಗ, ಹಿಂದುಗಡೆ ಹೊಟ್ಟೆ ಬಂದಿರೋ ಆ ಕಂಪ್ಯೂಟರನ್ನು ಇವರು ಹೊತ್ತು ತಂದರು. ಅದರೊಳಗೆ ಬೇರೇನೂ ಇರಲಿಲ್ಲ, ಒಂದು ಆಟ ಬಿಟ್ಟು. ಆನೆ, ಕಪ್ಪೆ, ಕರಡಿ, ಕೋಳಿ ಪುಟ್ಟ ಪುಟ್ಟ ಕಾರಿನಲ್ಲಿ ಕೂತು ರೇಸು ಓಡುತ್ತವೆ. ದಾರೀಲಿ ಸಿಕ್ಕ ಟೊಮೆಟೊ ಎತ್ತಿಕೊಂಡು ಮುಂದಿನವರ ಮೇಲೆ ಎಸೆಯಬಹುದು. ಸಾಯಂಕಾಲ ಶಾಲೆಯಿಂದ ಬಂದು ನಾನು ಆನೆಯಾಗಿ ಒಂದರ್ಧ ಗಂಟೆ ಓಡಿಸುತ್ತಿದ್ದೆ. ದಿನವಿಡೀ ನಲವತ್ತು ಮಕ್ಕಳನ್ನು ಹೊಡೆಯದೆ ಪಾಠ ಮಾಡಿ ಬಂದವಳಿಗೆ ಅಷ್ಟಾದರೂ ಬೇಡವೇ?

೧. ಗೋಡೆಯಾಚೆ

ನಮ್ಮದು ಗಣಿಯ ಹಳೇ ಲೈನ್ ಮನೆ. ನಮಗೂ ಪಕ್ಕದ ಮನೆ ಅಕ್ಕನಿಗೂ ನಡುವೆ ಒಂದೇ ಗೋಡೆ. ನಾವು ಇಲ್ಲಿ ಒಗ್ಗರಣೆ ಹಾಕಿದರೆ ಅವರು ಅಲ್ಲಿ ಸೀನುತ್ತಾರೆ. ನಮ್ಮತ್ತೆಯನ್ನು ಅವರು ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ ಅನ್ನುತ್ತಾರೆ.

ಒಂದು ವಾರದಿಂದ ಆ ಅಕ್ಕ ನನ್ನ ಮುಖ ನೋಡಿದರೆ ಮುಖ ತಿರುಗಿಸುತ್ತಿದ್ದರು. ಹುಣಸೆಹಣ್ಣು ಬೇಕು, ಕರಿಬೇವು ಬೇಕು ಅಂತ ನಾನಿಲ್ಲದ ಹೊತ್ತಿನಲ್ಲಿ ಮನೆಗೆ ಬರುತ್ತಿದ್ದರು. ಬಂದವರು ಹುಣಸೆಹಣ್ಣಿನ ಮಾತು ಬಿಟ್ಟು ಅತ್ತೆಯ ಕೈ, ಬೆನ್ನು, ಕತ್ತು ನೋಡುತ್ತಿದ್ದರಂತೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು.

"ಪಾಟಿ, ನಿಜ ಹೇಳಿ. ನಿಮ್ಮ ಮನೇಲಿ ಯಾರು ಹೊಡೆಯೋದು?"

ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: "ಇನ್ಯಾರಮ್ಮ, ನನ್ ಸೊಸೇನೇ. ಸಂಜೆ ಬಂದ್ಲು ಅಂದ್ರೆ ಸುರು ಅಚ್ಕೊಂತಾಳೆ. ಮೊದ್ಲು ನನ್ ಮಗ ಒಡೀತಿದ್ದ. ಅವನಿಗೆ ಗುರಿ ಸಿಗಕಿಲ್ಲ. ಅದುಕ್ಕೆ ಈಗ ಇವ್ಳೇ ಒಡೀತಾಳೆ."

ಅಷ್ಟೇ ಸಾಕಾಯಿತು. ಆವತ್ತು ಸಂಜೆ ನಾನು ಆಟದಲ್ಲಿ ಮುಳುಗಿ, "ಹೊಡಿ, ಹಿಂದಿಂದ ಹೊಡಿ, ಏಳಕ್ಕೆ ಬಿಡಬೇಡ!" ಅಂತ ಕೂಗುತ್ತಿರುವಾಗ ಬಾಗಿಲು ದಢಾರನೆ ತೆರೆಯಿತು. ಪಕ್ಕದ ಅಕ್ಕ, ಅವರ ಹಿಂದೆ ಮಹಿಳಾ ಸಂಘದ ಅಧ್ಯಕ್ಷೆ, ಅವರ ಹಿಂದೆ ಬೀದಿಯ ಇನ್ನೂ ಆರು ಹೆಂಗಸರು. ಒಳಗೆ ಬಂದರೆ ಅತ್ತೆ ಚಾಪೆ ಮೇಲೆ ಕೂತು, "ಇನ್ನೊಂದು ಒಡಿ, ಇನ್ನೊಂದು!" ಅಂತ ನನ್ನನ್ನೇ ಹುರಿದುಂಬಿಸುತ್ತಿದ್ದಾರೆ. ಪರದೆಯ ಮೇಲೆ ಕಪ್ಪೆ ಮುಖಕ್ಕೆಲ್ಲ ಟೊಮೆಟೊ ಮೆತ್ತಿಕೊಂಡು ಕಾರಿನ ಸಮೇತ ಮಗುಚಿ ಬಿದ್ದಿದೆ.

ಎಲ್ಲರಿಗೂ ಕಾಫಿ ಕೊಟ್ಟು ವಿಷಯ ಬಿಡಿಸಿ ಹೇಳಿದೆ. ಎಲ್ಲರೂ ನಕ್ಕರು, ಪಕ್ಕದ ಅಕ್ಕ ಒಬ್ಬರನ್ನು ಬಿಟ್ಟು. ಅವರು ಹೊಸಿಲು ದಾಟುವಾಗ ನಿಂತು, ಪರದೆಯನ್ನೇ ನೋಡುತ್ತಾ ಕೇಳಿದರು: "ಅದೆಲ್ಲಾ ಸರಿಮ್ಮಾ. ಪಾವಂ, ಆ ಕಪ್ಪೆ ನಿಂಗೇನು ಮಾಡಿತ್ತು?"

೨. ಟೊಮೆಟೊ ಲಾರಿ

ನಮ್ಮವರು ಬಂಗಾರಪೇಟೆಗೆ ಏನಾದರೂ ಸಾಮಾನು ತರಲು ಹೋದ ದಿನ ರೈಲ್ವೆ ಸ್ಟೇಷನ್ ಹತ್ತಿರ ನನಗಾಗಿ ಕಾಯುತ್ತಾರೆ, ಸ್ಕೂಟರಿನಲ್ಲಿ ಒಟ್ಟಿಗೆ ಮನೆಗೆ ಬರುತ್ತೇವೆ. ಒಂದು ಸಲ ಹಾಗೆ ಹೋಗುವಾಗ ಅವರ ಮುಂದೆ ಒಂದು ಟೊಮೆಟೊ ಲಾರಿ. ಹಳ್ಳಕ್ಕೆ ಇಳಿದು ಎದ್ದಾಗ ಮೇಲಿನ ಒಂದು ಕ್ರೇಟು ಮಗುಚಿ ಟೊಮೆಟೊ ಉದುರತೊಡಗಿದವು. ಬೇರೆ ಯಾರಾದರೂ ಗಾಡಿ ನಿಲ್ಲಿಸುತ್ತಿದ್ದರು. ನಮ್ಮವರಿಗೆ ಮನೆಯಲ್ಲಿ ಒಂದು ದಿನವೂ ಆಟದ ಆ ಕರಡಿಯ ಟೊಮೆಟೊದಿಂದ ತಪ್ಪಿಸಿಕೊಳ್ಳಲು ಆಗಿರಲಿಲ್ಲ. ಆ ಸಿಟ್ಟೆಲ್ಲ ಇಲ್ಲಿ ಕೆಲಸಕ್ಕೆ ಬಂತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದೇ ಒಂದು ಟೊಮೆಟೊ ಚಕ್ರಕ್ಕೆ ತಾಗಲಿಲ್ಲ. ಲಾರಿ ದಾಟಿದ ಮೇಲೆ ಒಂದು ಕೈ ಮೇಲೆತ್ತಿ ಜೈ ಅಂದಿದ್ದಾರೆ.

ಮುಂದೆ ನಿಂತಿದ್ದ ಪೊಲೀಸಪ್ಪನಿಗೆ ಕಂಡದ್ದು ಟೊಮೆಟೊ ಅಲ್ಲ, ತೂರಾಡುತ್ತಾ ಕೈ ಎತ್ತಿಕೊಂಡು ಬರುವ ಸ್ಕೂಟರು.

"ಎಷ್ಟು ಹಾಕಿದ್ದೀಯಯ್ಯಾ?"

"ಏನೂ ಇಲ್ಲ ಸಾರ್. ಟೊಮೆಟೊ."

"ಅದನ್ನ ನೆಂಚ್ಕೊಂಡಾ?"

ಮಿಷನ್ನಿಗೆ ಊದಿಸಿದರು. ಏನೂ ತೋರಿಸಲಿಲ್ಲ. ಮಿಷನ್ನನ್ನು ಎರಡು ಸಲ ತಟ್ಟಿ ಮತ್ತೆ ಊದಿಸಿದರು. ಆಗಲೂ ಇಲ್ಲ. ಪೊಲೀಸಪ್ಪನ ಅನುಮಾನ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. "ಕುಡಿದವನಿಗಾದರೆ ಬೆಳಿಗ್ಗೆಗೆ ಇಳಿಯುತ್ತೆ. ಕುಡಿಯದೇ ಹೀಗೆ ಓಡಿಸೋನಿಗೆ ಯಾವಾಗ ಇಳಿಯುತ್ತೆ? ಎಲ್ಲಿಗೆ ಹೋಗಬೇಕೋ ಅಲ್ಲಿ ತನಕ ಗಾಡಿ ತಳ್ಳಿಕೊಂಡು ಹೋಗು."

ರೈಲ್ವೆ ಸ್ಟೇಷನ್ ಮುಂದೆ ನಾನು ನೋಡುವಾಗ ಇವರು ಬೆವರಿಳಿಸಿಕೊಂಡು ಸ್ಕೂಟರು ತಳ್ಳಿಕೊಂಡು ಬರುತ್ತಿದ್ದರು. ನನಗೆ ಗಾಬರಿ.

"ಏನ್ರೀ, ಪೆಟ್ರೋಲ್ ಮುಗೀತಾ?"

"ಇಲ್ಲ ಕಣೇ," ಅಂದರು ಎದೆಯುಬ್ಬಿಸಿ, "ಗೆದ್ದೆ!"

೩. ಮೂರು ಎ

ಆಟ ಮುಗಿದ ಮೇಲೆ ಎಲ್ಲರಿಗಿಂತ ಬೇಗ ಓಡಿದವರ ಹೆಸರಿಗೆ ಮೂರು ಇಂಗ್ಲಿಷ್ ಅಕ್ಷರ ಒತ್ತಬೇಕು. ಮೊದಲ ಸ್ಥಾನದಲ್ಲಿ ಯಾವಾಗಲೂ ನನ್ನ ಹೆಸರೇ. ಸುಳ್ಳೇಕೆ, ಜೀವನದಲ್ಲಿ ನಾನು ಮೊದಲು ಬಂದದ್ದು ಅದೊಂದರಲ್ಲೇ. ಒಂದು ಸಂಜೆ ಬಂದು ನೋಡಿದರೆ ನನ್ನ ಮೇಲೆ ಇನ್ಯಾರೋ ಕೂತಿದ್ದಾರೆ. ಹೆಸರಿನ ಜಾಗದಲ್ಲಿ ಎ, ಎ, ಎ.

"ರೀ, ಅಂಗಡಿ ಬಿಟ್ಟು ಮಧ್ಯಾಹ್ನ ಮನೆಗೆ ಬಂದು ಆಡ್ತೀರಾ?"

"ನಾನಾ? ನೀನೇ ಬೇರೆ ಹೆಸರಲ್ಲಿ ಆಡಿ ನನ್ನ ಹೊಟ್ಟೆ ಉರಿಸ್ತಿದ್ದೀಯ!"

ಮರುದಿನ ಮೂರು ಎ ಇನ್ನೂ ಬೇಗ ಓಡಿತ್ತು. ಒಂದೇ ತಟ್ಟೆಯಲ್ಲಿ ಉಪ್ಪಿನಕಾಯಿ ಹಂಚಿಕೊಂಡ ಗಂಡ ಹೆಂಡತಿ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡತೊಡಗಿದೆವು. ಕಳ್ಳನನ್ನು ಹಿಡಿಯಲು ನಾನು ಕೆಲಸಕ್ಕೆ ಹೊರಡುವ ಮುಂಚೆ ಕೀಬೋರ್ಡಿನ ಕೀಲಿಗಳ ಮೇಲೆ ಗುಟ್ಟಾಗಿ ಚಿಟಿಕೆ ಅರಿಶಿನ ಉದುರಿಸಿದೆ. ನನಗೆ ಗೊತ್ತಿಲ್ಲದೆ ಅವರೂ ಕುರ್ಚಿಯ ಎರಡು ಕೈಗಳ ನಡುವೆ ಒಂದು ಕರೀ ದಾರ ಕಟ್ಟಿದ್ದರು. ಸಂಜೆ ಅರಿಶಿನ ನೋಡಲು ಹೋಗಿ ನಾನು ದಾರ ಹರಿದೆ. ದಾರ ಕಟ್ಟಲು ಹೋಗಿ ಕೀಲಿಗಳ ಮೇಲೆ ಕೈಯೂರಿ ಅವರು ಬೆರಳಿಗೆ ಅರಿಶಿನ ಹಚ್ಚಿಕೊಂಡಿದ್ದರು.

"ಸಿಕ್ಕಿಬಿದ್ದಿರಿ!" ಅಂದೆ.

"ನೀನೇ ಸಿಕ್ಕಿಬಿದ್ದೆ!" ಅಂದರು.

ಇಬ್ಬರೂ ಎರಡು ದಿನ ಮಾತು ಬಿಟ್ಟೆವು.

ಶನಿವಾರ ಅರ್ಧ ದಿನ ಶಾಲೆ. ಸಾಮಾನ್ಯವಾಗಿ ಬಂಗಾರಪೇಟೆಯಲ್ಲಿ ತರಕಾರಿ ಕೊಂಡು ನಿಧಾನವಾಗಿ ಬರುವವಳು ಆವತ್ತು ಮೊದಲ ರೈಲಿಗೇ ಬಂದೆ. ಚಪ್ಪಲಿ ಆಚೆ ಬಿಟ್ಟು ಕಳ್ಳ ಹೆಜ್ಜೆಯಲ್ಲಿ ಒಳಗೆ ಹೋದರೆ, ಕುರ್ಚಿ ಮೇಲೆ ದಿಂಬು, ದಿಂಬಿನ ಮೇಲೆ ನಮ್ಮತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗಿಳಿಸಿ ಕೋಳಿ ಓಡಿಸುತ್ತಿದ್ದಾರೆ. ಹಿಂದೆ ಪಕ್ಕದ ಮನೆ ಅಕ್ಕ ಕುರ್ಚಿ ಹಿಡಿದು ನಿಂತು, "ಪಾಟಿ, ಕರಡಿ ವರುದು, ಕರಡಿ ವರುದು!" ಅಂತ ಕರಡಿ ಬರುವ ದಾರಿ ಹೇಳುತ್ತಿದ್ದಾರೆ. ಅತ್ತೆಗೆ ಇಂಗ್ಲಿಷ್ ಬಾರದು. ಹೆಸರು ಕೇಳಿದಾಗ ದೊಡ್ಡ ಕೀಲಿ ಕುಟ್ಟುತ್ತಾರೆ, ಅದು ತಾನೇ ಮೂರು ಎ ಬರೆದುಕೊಳ್ಳುತ್ತದೆ.

"ಅತ್ತೆ!" ಅಂದೆ.

ಅವರು ತಿರುಗಲೂ ಇಲ್ಲ. "ಮಾತಾಡ್ಬ್ಯಾಡ, ಕೊನೇ ಸುತ್ತು. ಓಗು, ಅನ್ನಕ್ಕಿಡು."

೪. ಸೋಲು

ಗುಟ್ಟು ಬಯಲಾದ ಮೇಲೆ ಭಾನುವಾರ ಅತ್ತೆಗೂ ನನಗೂ ನೇರ ಪಂದ್ಯ. ಒಂದೇ ಕೀಬೋರ್ಡು, ಆ ಕಡೆ ಅವರು, ಈ ಕಡೆ ನಾನು. ನೋಡಲು ನಮ್ಮವರು, ಪಕ್ಕದ ಅಕ್ಕ. ನಾನು ಗೆಲ್ಲಲೇಬೇಕು ಅಂತ ಹಲ್ಲು ಕಚ್ಚಿ ಓಡಿಸಿದೆ. ಸೋತೆ. ಎರಡನೇ ಸಲವೂ ಸೋತೆ. ಮೂರನೇ ಸಲ ಕೋಳಿ ಗುರಿ ಮುಟ್ಟಿ ರೆಕ್ಕೆ ಬಡಿಯುವಾಗ ನನ್ನ ಆನೆ ಇನ್ನೂ ಕೆಸರಿನಲ್ಲಿತ್ತು.

ಅತ್ತೆಯ ಮುಖದಲ್ಲಿ ಖುಷಿ ಇಲ್ಲ. "ಬೇಕಂತ್ಲೇ ಸೋತೆ ನೀನು."

"ಇಲ್ಲ ಅತ್ತೆ, ನಿಜವಾಗ್ಲೂ ಸೋತೆ."

"ನಂಗೊತ್ತಿಲ್ವಾ? ಮುದುಕಿ, ಗೆಲ್ಲಲಿ ಅಂತ ಬಿಟ್ಬಿಟ್ಟೆ."

ನಮ್ಮವರು ಕಣ್ಣು ಒದ್ದೆ ಮಾಡಿಕೊಂಡು, "ನಿನ್ನ ಮೇಲೆ ಅನುಮಾನ ಪಟ್ಟೆನಲ್ಲ ಕಣೇ," ಅಂದರು. ಪಕ್ಕದ ಅಕ್ಕ ಅಷ್ಟರಲ್ಲಿ ಬಾಗಿಲಿಗೆ ಹೋಗಿ ತಮ್ಮ ಸೊಸೆಗೆ ಕೂಗಿ ಹೇಳುತ್ತಿದ್ದರು: "ಇಲ್ಲಿ ಬಂದು ನೋಡು, ಅತ್ತೆಗೋಸ್ಕರ ಸೋಲೋದು ಹೇಗೆ ಅಂತ ಕಲ್ತುಕೋ!"

ಮೂರು ಸಲ ಸೋತದ್ದೂ ಅಲ್ಲದೆ, ಸೋತೆ ಅಂತ ನಂಬುವವರೂ ಇಲ್ಲ. ಎದ್ದು ಹೋಗಿ ದೇವರ ಫೋಟೋ ಮುಂದೆ ನಿಂತೆ. ಕರ್ಪೂರ ಹಚ್ಚಿ ಅದರ ಮೇಲೆ ಕೈ ಚಾಚಿದೆ. "ಈ ದೇವರಾಣೆಗೂ ನಾನು ಗೆಲ್ಲಬೇಕು ಅಂತಲೇ ಆಡಿದೆ. ನನಗೆ ಆಗಲಿಲ್ಲ. ಇವರೇ ನನಗಿಂತ ಚೆನ್ನಾಗಿ ಓಡಿಸ್ತಾರೆ. ಸಾಕಾ?"

ಅತ್ತೆ ನನ್ನ ಮುಖವನ್ನು ಎರಡು ನಿಮಿಷ ದಿಟ್ಟಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದ ಅಕ್ಕನ ಕಡೆ ತಿರುಗಿದರು.

"ನೋಡಿದ್ಯೇನಮ್ಮ? ನನ್ ಮನಸ್ಸು ನೋಯಬಾರ್ದು ಅಂತ ದೇವ್ರ ಮುಂದೇನೇ ಸುಳ್ಳಾಣೆ ಮಾಡ್ತಾವ್ಳೆ. ಇಂಥಾ ಸೊಸೆ ಯಾರ್ಗೆ ಸಿಕ್ತಾಳೆ!"