ಅಕ್ಕನ ಪುಟವೂ ಭಾವನ ಒಳಗಿನ ಕಂಪ್ಯೂಟರೂ

ನಮ್ಮ ಭಾವ ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಸಾಕಿದ್ದಾರೆ ಎಂದರೆ ನಂಬುತ್ತೀರಾ? ತಿಳಿದವರು ಅದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ. ಸಾಲಿಗ್ರಾಮದ ಅವರ ಮನೆಯಲ್ಲಿ ಅದು ಬರೀ ‘ಒಳಗಿನದು’. ಅಕ್ಕ ತನ್ನ ಅಡುಗೆಗಳನ್ನು ಟೈಪ್ ಮಾಡುತ್ತಿದ್ದ ಹಳೆಯ ಕನ್ನಡ ತಂತ್ರಾಂಶ ಓಡುವುದು ಅದರಲ್ಲಿ ಮಾತ್ರ. ಅಕ್ಕ ತೀರಿಕೊಂಡು ಮೂರು ವರ್ಷವೋ ನಾಲ್ಕೋ (ನನ್ನ ನೆನಪನ್ನು ನಾನೇ ನಂಬುವುದಿಲ್ಲ). ಅವಳ ಕೊನೆಯ ಪುಟ ಇನ್ನೂ ತೆರೆದೇ ಇದೆ. ಭಾವ ಒಳಗಿನದನ್ನು ಬಂದ್ ಮಾಡುವುದಿಲ್ಲ. ನೋಡಿ, ಹಾಗೇ ನಿದ್ದೆ ಮಾಡಿಸಿ ಇಡುತ್ತಾರೆ. ಉಳಿಸುವ ಗುಂಡಿ ಒತ್ತಲೂ ಭಯ. ಒತ್ತುವಾಗ ಒಂದಕ್ಷರ ಅಳಿಸಿಹೋದರೆ?

ಈ ವರ್ಷ ಹೊರಗಿನ ಆಪರೇಟಿಂಗ್ ಸಿಸ್ಟಂ ಹಳತಾಯಿತು, ಹೊಸದು ಹಾಕಿ ಎಂದು ಪರದೆ ದಿನಾ ಹೆದರಿಸತೊಡಗಿತು. ಎಂಎಸ್ಸಿ ಓದಿದವನೆಂಬ ಒಂದೇ ತಪ್ಪಿಗೆ ನನಗೆ ಕರೆ ಬಂತು. ಮೊದಲು ಪ್ರತಿ ಮಾಡಿಡಿ ಎಂದೆ. ಅದಾಗಲೇ ಆಗಿತ್ತಂತೆ! ಮೂರು ಪೆನ್‌ಡ್ರೈವು ಕುಂದಾಪುರ, ಕಿರಿಮಂಜೇಶ್ವರ, ಹಾಲಾಡಿಯ ನೆಂಟರ ಮನೆ ಸೇರಿದ್ದವು. ಹಾಲಾಡಿಯ ಅತ್ತೆ ಅದನ್ನು ದೇವರಕೋಣೆಯಲ್ಲಿಟ್ಟು ಕುಂಕುಮ ಹಚ್ಚಿದ್ದರು. ತರಿಸಿ, ಒರೆಸಿ, ಚುಚ್ಚಿ ನೋಡಿದರೆ ಒಳಗೆ ಬಾಣದ ಗುರುತಿನ ಶಾರ್ಟ್‌ಕಟ್ ಮಾತ್ರ. ಉಳಿದ ಎರಡರಲ್ಲೂ ಅದೇ. ಮನೆಯ ಬದಲು ಗೇಟಿನ ಬೋರ್ಡನ್ನು ಮೂರೂರಿಗೆ ಹಂಚಿದ್ದರು!

ನಿಜವಾದದ್ದನ್ನು ನಾನು ಬೇರೆ ಡಿಸ್ಕಿಗೆ ಇಳಿಸಿದೆ. ಕರೆಂಟು ಹೋದೀತೆಂದು ಭಾವ ಅಷ್ಟು ಹೊತ್ತೂ ಫ್ಯಾನ್ ಹಾಕಗೊಡಲಿಲ್ಲ. ಅಷ್ಟರಲ್ಲಿ ಹೊಸ ಸಿಸ್ಟಂನ ಸೂಚನೆಯಲ್ಲಿ ಓದಿದೆ: ಒಳಗಿನದನ್ನು ಪೂರ್ತಿ ಬಂದ್ ಮಾಡಬೇಕು. ನಿದ್ದೆಯಲ್ಲಿದ್ದರೆ ಹೊಸದರಲ್ಲಿ ಏಳದೆಯೂ ಇರಬಹುದು.

“ಬಂದ್ ಮಾಡುಕಿಲ್ಲೆ ಮರಾಯಾ. ಅವ್ಳ್ ಹಾಂಗೇ ಬಿಟ್ಟ್ ಎದ್ದದ್ದ್.”

“ಮಾಡ್ದಿರೆ ಆ ಪುಟವೇ ಹೋತ್ತ್, ಬಾವ.”

ಧೈರ್ಯವಾಗಿ ಹೇಳಿದೆ ಎಂದು ನನ್ನ ನೆನಪು. ಡೈರಿಯಲ್ಲಿ ಬರೆದಿರುವುದು ‘ಗೋಡೆ ನೋಡಿಕೊಂಡು ಹೇಳಿದೆ’ ಎಂದು.

ಭಾವ ಕೈ ತೊಳೆದು ಬಂದು ಕುಳಿತರು. ಪುಟದಲ್ಲಿ ಹುರುಳಿ ಸಾರು. ಕೊನೆಯ ಸಾಲು: ‘ಇವರಿಗೆ ಖಾರ ಆಗದು, ಹಾಗಾಗಿ ಒಣಮೆಣಸು’. ಮುಂದೆ ಮಿನುಗುವ ಗೆರೆ. ಭಾವ ಬಹಳ ಹೊತ್ತು ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ‘ಎರಡೇ ಸಾಕು’ ಎಂದು ಒತ್ತಿ, ಉಳಿಸಿ, ತಾವೇ ಬಂದ್ ಮಾಡಿದರು.

ಹೊಸದು ಕೂರಲು ಮಧ್ಯಾಹ್ನ ಕಳೆಯಿತು. ಇಬ್ಬರಿಗೂ ಊಟ ಸೇರಲಿಲ್ಲ. ಒಳಗಿನದು ತೆರೆಯುವಾಗ ಭಾವ ಕಣ್ಣು ಮುಚ್ಚಿಕೊಂಡಿದ್ದರು. ಪುಟ ಬಂತು, ಸಾಲು ಪೂರ್ತಿ ಇತ್ತು. ಓದಿ ಹೇಳಿದೆ.

“ಸುಳ್ಳ್ ಬರ್ದೆ,” ಎಂದರು ಮೆಲ್ಲಗೆ. “ಅವ್ಳ್ ನಾಕ್ ಹಾಕ್ತಿದ್ಲ್. ಅದೂ ಖಾರ ಅಂದೇಳಿ ನಾನ್ ಒಂದ್ ದಿನವೂ ಹೇಳ್ಲಿಲ್ಲೆ.”